ಕುಂಡದ ಕಣಗಿಲೆ: ಪಾಟ್ ಬದಲಿಸುವುದು, ಕೊಂಬೆ ಸವರುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಹಳೆಯ ಮನೆಗಳಲ್ಲಿ ಗೇಟಿನ ಪಕ್ಕ ಒಂದು ಕಣಗಿಲೆ ಗಿಡ ಇದ್ದೇ ಇರುತ್ತಿತ್ತು. ಬೆಳಿಗ್ಗೆ ಪೂಜೆಗೆ ಹೂ ಕೀಳಲು ಅಕ್ಕಪಕ್ಕದವರೂ ಬರುತ್ತಿದ್ದರು. ಈಗ ಆ ಮಣ್ಣಿನ ಮೇಲೆ ಕಾರು ನಿಂತಿದೆ, ಗಿಡ ಟೆರೇಸಿಗೆ ಹತ್ತಿದೆ. ನೆಲದಲ್ಲಿದ್ದಾಗ ಯಾರೂ ನೋಡದಿದ್ದರೂ ಬೆಳೆಯುತ್ತಿದ್ದ ಗಿಡ ಅದು. ಕುಂಡಕ್ಕೆ ಬಂದ ಮೇಲೆ ಅದರ ಬೇರು, ಕೊಂಬೆ ಎರಡನ್ನೂ ನಾವೇ ನೋಡಿಕೊಳ್ಳಬೇಕು. ನಮ್ಮ ಟೆರೇಸಿನಲ್ಲಿ ಐದು ಕುಂಡಗಳಲ್ಲಿ ಕಣಗಿಲೆ ಇದೆ. ಅದನ್ನು ನೋಡಿದವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಕಣಗಿಲೆ ವಿಷ ಅಂತಾರೆ. ಮನೆಯಲ್ಲಿ ಇಟ್ಟುಕೊಳ್ಳಬಹುದಾ?

ವಿಷ ಹೌದು. ಎಲೆ, ಹೂ, ಕಾಂಡ, ಬೇರು, ಬೀಜ ಎಲ್ಲವೂ ವಿಷ. ಅದರಲ್ಲಿರುವ ಓಲಿಯಾಂಡ್ರಿನ್ ಎಂಬ ಅಂಶ ನೇರ ಹೃದಯದ ಬಡಿತಕ್ಕೇ ಕೈ ಹಾಕುತ್ತದೆ. ಒಣಗಿದ ಎಲೆಯಲ್ಲೂ ಅದು ಉಳಿದಿರುತ್ತದೆ. ಹೂ ಇಟ್ಟ ಹೂದಾನಿಯ ನೀರನ್ನೂ ಕುಡಿಯಬಾರದು.

2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ನೈವೇದ್ಯ, ಪ್ರಸಾದಗಳಲ್ಲಿ ಈ ಹೂ ಬಳಸುವುದನ್ನು ನಿಲ್ಲಿಸಿದವು. ಮಲಯಾಳದಲ್ಲಿ ಕಣಗಿಲೆಗೆ ‘ಅರಳಿ’ ಅನ್ನುತ್ತಾರೆ. ಸುದ್ದಿ ಕೇಳಿದ ನಮ್ಮ ಬೀದಿಯ ಅಜ್ಜಿಯೊಬ್ಬರು, ಇಷ್ಟು ದಿನ ಸುತ್ತು ಹಾಕಿದ ಅರಳಿ ಮರ ವಿಷವಾ ಅಂತ ಗಾಬರಿಯಾಗಿದ್ದರು. ನಮ್ಮ ಅರಳಿ ಮರಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ದೊಡ್ಡವರಷ್ಟೇ ಇರುವ ಮನೆಯಲ್ಲಿ ಮುಟ್ಟಿದ ಮೇಲೆ ಕೈ ತೊಳೆಯುವ ಅಭ್ಯಾಸ ಇದ್ದರೆ ಸಾಕು. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನ ಮಗು, ಅಥವಾ ಗಿಡ ಕಚ್ಚುವ ನಾಯಿಮರಿ ಮನೆಯಲ್ಲಿದ್ದರೆ ಈಗ ಬೇಡ. ಮಗು ದೊಡ್ಡದಾಗಲಿ, ಗಿಡ ಆಮೇಲೆ ತಂದರಾಯಿತು. ಇದನ್ನು ಯಾರು ಕೇಳಿದರೂ ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಯಾರಾದರೂ ತಿಂದಿದ್ದು ಗೊತ್ತಾದರೆ ವಾಂತಿ, ಹೊಟ್ಟೆನೋವು ಶುರುವಾಗಲಿ ಅಂತ ಕಾಯಬೇಡಿ. ಮನೆಮದ್ದು ಬೇಡ, ನೀವೇ ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಓಡಿ. ಗಿಡದ ಒಂದು ರೆಂಬೆಯನ್ನು ಕವರಿನಲ್ಲಿ ಹಾಕಿಕೊಂಡು ಹೋದರೆ ಡಾಕ್ಟರಿಗೆ ಬೇಗ ತಿಳಿಯುತ್ತದೆ.

ನಮ್ಮದು ಹಳದಿ ಹೂವಿನ ಕಣಗಿಲೆ. ಇದೇ ಕ್ರಮ ನಡೆಯುತ್ತಾ?

ಗಂಟೆಯ ಹಾಗೆ ಇಳಿಬಿದ್ದ ಹಳದಿ ಹೂ, ಕತ್ತರಿಸಿದರೆ ಬಿಳಿ ಹಾಲು, ಹಸಿರು ಗಟ್ಟಿ ಕಾಯಿ – ಹೀಗಿದ್ದರೆ ಅದು ಬೇರೆ ಗಿಡ. ಒಂದೇ ಕುಟುಂಬ, ಅಷ್ಟೇ ವಿಷ. ಆದರೆ ಮರದಂತೆ ಬೆಳೆಯುತ್ತದೆ, ಕುಂಡಕ್ಕೆ ಅಷ್ಟು ಒಗ್ಗುವುದಿಲ್ಲ. ಇಲ್ಲಿ ಹೇಳುತ್ತಿರುವುದು ಗುಲಾಬಿ, ಕೆಂಪು, ಬಿಳಿ ಹೂ ಗೊಂಚಲಾಗಿ ಬಿಡುವ ಕಣಗಿಲೆಯ ವಿಷಯ. ನರ್ಸರಿಯವರು ಇದನ್ನು ‘ನೇರಿಯಂ’ ಅನ್ನುತ್ತಾರೆ. ಬಾಲ್ಕನಿಗೆ ಬೇಕಾದರೆ ಗಿಡ್ಡ ತಳಿ ಕೊಡಿ ಅಂತ ಕೇಳಿ ತನ್ನಿ.

ಪಾಟ್ ಬದಲಿಸುವ ಕಾಲ ಬಂತು ಅಂತ ಹೇಗೆ ಗೊತ್ತಾಗುತ್ತದೆ?

ನೀರು ಹಾಕುವಾಗ ನೋಡಿ. ಹಾಕಿದ ನೀರು ಮೇಲೆಯೇ ನಿಂತು ನಿಧಾನಕ್ಕೆ ಇಳಿದರೆ, ಅಥವಾ ಅಂಚಿನಿಂದ ಸರ್ರನೆ ಜಾರಿ ಕೆಳಗಿನ ತೂತಿನಿಂದ ಹೊರಗೆ ಬಂದರೆ, ಒಳಗೆ ಮಣ್ಣಿಗಿಂತ ಬೇರೇ ಜಾಸ್ತಿ ಇದೆ ಅಂತ ಅರ್ಥ. ಬೆಳಿಗ್ಗೆ ನೀರು ಹಾಕಿದ ಗಿಡ ಸಂಜೆಗೆ ಬಾಡುವುದು, ತಳದ ತೂತಿನಿಂದ ಬೇರು ಇಣುಕುವುದು, ಮೊಗ್ಗು ಬಿಡಿಸಿಕೊಳ್ಳದೆ ಒಣಗುವುದು, ಇವೂ ಅದನ್ನೇ ಹೇಳುತ್ತವೆ. ಎಳೆಯ ಗಿಡಕ್ಕೆ ವರ್ಷಕ್ಕೊಮ್ಮೆ, ದೊಡ್ಡದಾದ ಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ.

ಬೆಂಗಳೂರಿನಲ್ಲಿ ಯಾವ ತಿಂಗಳು ಒಳ್ಳೆಯದು?

ಶಿವರಾತ್ರಿ ಕಳೆದ ವಾರ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತದೆ ಅಂತಾರಲ್ಲ, ಕಣಗಿಲೆಗೂ ಅದೇ ಗುರುತು. ಡಿಸೆಂಬರ್, ಜನವರಿಯ ಚಳಿಗೆ ಸುಮ್ನೆ ನಿಂತಿದ್ದ ಗಿಡ ಆಗ ಚಿಗುರಲು ಹೊರಡುತ್ತದೆ. ಹಬ್ಬದ ದಿನ ಗಿಡದಲ್ಲಿರುವ ಹೂವನ್ನೆಲ್ಲ ಶಿವನಿಗೆ ಏರಿಸಿ. ಮುಂದಿನ ಭಾನುವಾರ ಕತ್ತರಿ ಹಿಡಿಯಿರಿ. ಏಪ್ರಿಲ್ ಬಿಸಿಲು ಏರುವ ಹೊತ್ತಿಗೆ ಹೊಸ ಬೇರು ಮಣ್ಣು ಹಿಡಿದಿರುತ್ತದೆ. ಏಪ್ರಿಲ್ ಕೊನೆಯಲ್ಲೋ ಮೇನಲ್ಲೋ ಮಳೆ ಒಂದೆರಡು ಸಲ ಹುಯ್ದರೆ ಗಿಡ ಎದ್ದು ನಿಲ್ಲುತ್ತದೆ.

ಆ ವಾರ ತಪ್ಪಿದರೆ ಜೂನ್. ಮುಂಗಾರು ಶುರುವಾಗಿ ಮೋಡ ಮುಚ್ಚಿದ ದಿನಗಳಲ್ಲಿ ಬದಲಿಸಬಹುದು. ಏಪ್ರಿಲ್, ಮೇ ನಡುಬಿಸಿಲಿನಲ್ಲಿ ಬೇಡ. ಸೆಪ್ಟೆಂಬರ್, ಅಕ್ಟೋಬರಿನಲ್ಲೂ ಬೇಡ. ಬೆಂಗಳೂರಿಗೆ ಜೋರು ಮಳೆ ಬೀಳುವ ತಿಂಗಳುಗಳು ಅವು. ಕತ್ತರಿಸಿದ ಬೇರು, ಕೊಂಬೆ ಎರಡೂ ಒದ್ದೆಯಲ್ಲಿ ಕೊಳೆಯುತ್ತವೆ. ಒಮ್ಮೆ ಆಯುಧಪೂಜೆಯ ರಜೆ ಇದೆ ಅಂತ ಅಕ್ಟೋಬರಿನಲ್ಲಿ ಸವರಿದ್ದೆ. ಕತ್ತರಿಸಿದ ತುದಿಗಳು ಕಪ್ಪಾಗಿ, ಮೂರು ಕೊಂಬೆ ಬುಡದವರೆಗೆ ಒಣಗಿದವು.

ಎಷ್ಟು ದೊಡ್ಡ ಪಾಟ್ ಬೇಕು? ಮಣ್ಣಿನದಾ, ಪ್ಲಾಸ್ಟಿಕ್ಕಾ?

ಈಗಿರುವುದಕ್ಕಿಂತ ಎರಡು ಇಂಚು ದೊಡ್ಡದು ಸಾಕು. 8 ಇಂಚಿನಿಂದ 10ಕ್ಕೆ, 10ರಿಂದ 12ಕ್ಕೆ. ಮುಂದೆ ಹೇಗೂ ಬೆಳೆಯುತ್ತದಲ್ವಾ ಅಂತ ಪುಟ್ಟ ಗಿಡವನ್ನು 18 ಇಂಚಿನ ಪಾಟಿಗೆ ಹಾಕಬೇಡಿ. ಬೇರು ಮುಟ್ಟದ ಮಣ್ಣು ಒದ್ದೆಯಾಗಿಯೇ ಉಳಿದು ಹುಳಿಯುತ್ತದೆ.

ಮಣ್ಣಿನ ಕುಂಡ ಉಸಿರಾಡುತ್ತದೆ, ಗಾಳಿಗೆ ಬೀಳುವುದಿಲ್ಲ, ಆದರೆ ಬೇಸಿಗೆಯಲ್ಲಿ ಬೇಗ ಒಣಗುತ್ತದೆ. ಪ್ಲಾಸ್ಟಿಕ್ ಹಗುರ. ಆಳೆತ್ತರದ ಕಣಗಿಲೆಯನ್ನು ಜುಲೈ ಗಾಳಿ ಉರುಳಿಸಿಬಿಡುತ್ತದೆ, ಅದಕ್ಕೆ ಗೋಡೆಯ ಆಸರೆ ಬೇಕು. ಬಾಲ್ಕನಿಯವರು ತೂಕವನ್ನೂ ನೋಡಿ. ಮಣ್ಣು ತುಂಬಿ ನೆನೆದ 12 ಇಂಚಿನ ಕುಂಡ 20 ಕಿಲೋ ದಾಟುತ್ತದೆ. ಅದನ್ನು ಕಟ್ಟೆಯ ಮೇಲೆ ಇಡುವುದು ಬೇಡವೇ ಬೇಡ. ಕೆಳಗೆ ಜನ ಓಡಾಡುತ್ತಾರೆ.

ಮಣ್ಣಿನ ಮಿಶ್ರಣ ಹೇಗಿರಬೇಕು?

ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು. 12 ಇಂಚಿನ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಮರಳು ಸಿಗದಿದ್ದರೆ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಆಗುತ್ತದೆ, ಆದರೆ ತೊಳೆದು, ಧೂಳು ಹೋದ ಮೇಲೆ ಹಾಕಿ. ಇಲ್ಲದಿದ್ದರೆ ಆ ಧೂಳೇ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಬರೀ ಒಂದೆರಡು ಹಿಡಿ ಸಾಕು. ಮಳೆಗಾಲದಲ್ಲಿ ಅದು ನೀರು ಹಿಡಿದುಕೊಂಡು ಬಿಡುವುದೇ ಇಲ್ಲ.

ಕಟ್ಟಡ ಕೆಲಸ ನಡೆಯುವ ಸೈಟಿನಿಂದ ಬಿಟ್ಟಿ ಸಿಗುವ ಮಣ್ಣು ತರಬೇಡಿ. ಸುಣ್ಣ, ಸಿಮೆಂಟ್ ಚೂರು ಅದರಲ್ಲಿ ತುಂಬಿರುತ್ತದೆ.

ಗಿಡವನ್ನು ಹಳೆ ಪಾಟಿನಿಂದ ತೆಗೆಯುವುದು ಹೇಗೆ? ಎಳೆದರೂ ಬರುತ್ತಿಲ್ಲ.

ಎಳೆಯಬೇಡಿ. ಕಾಂಡ ಕೈಗೆ ಬಂದು ಬೇರು ಅಲ್ಲೇ ಉಳಿಯುತ್ತದೆ.

ಹಿಂದಿನ ದಿನ ಸಂಜೆ ಚೆನ್ನಾಗಿ ನೀರು ಹಾಕಿ. ಬೆಳಿಗ್ಗೆ ರಬ್ಬರ್ ಗ್ಲೌಸ್, ತುಂಬು ತೋಳಿನ ಹಳೆ ಅಂಗಿ ಹಾಕಿಕೊಳ್ಳಿ. ಉದ್ದನೆಯ ಹಳೆ ಚಾಕುವನ್ನು ಕುಂಡದ ಒಳಗೋಡೆಗೆ ಒತ್ತಿ ಸುತ್ತಲೂ ಒಂದು ಸುತ್ತು ಬನ್ನಿ. ಗೋಣಿಚೀಲ ಹಾಸಿ, ಕುಂಡವನ್ನು ಅದರ ಮೇಲೆ ಮಲಗಿಸಿ, ಅಂಗೈಯಿಂದ ಸುತ್ತ ತಟ್ಟುತ್ತಾ ಉರುಳಿಸಿ. ಪ್ಲಾಸ್ಟಿಕ್ ಆದರೆ ಒತ್ತಿದರೆ ಸಾಕು, ಸಡಿಲವಾಗುತ್ತದೆ. ಆಮೇಲೆ ಒಬ್ಬರು ಕುಂಡ ಹಿಡಿದುಕೊಳ್ಳಿ, ಇನ್ನೊಬ್ಬರು ಬುಡ ಹಿಡಿದು ಜಾರಿಸಿ. ಹೊಟ್ಟೆ ದಪ್ಪ, ಬಾಯಿ ಚಿಕ್ಕದಿರುವ ಕುಂಡವಾದರೆ ಒಡೆಯುವುದೇ ದಾರಿ. ಗಿಡಕ್ಕಿಂತ ಕುಂಡ ದೊಡ್ಡದಲ್ಲ. ಒಡೆದ ಚೂರು ಹೊಸ ಕುಂಡದ ತೂತು ಮುಚ್ಚಲು ಬರುತ್ತದೆ.

ಹೊರಗೆ ಬಂದ ಬೇರಿನ ಹೆಂಟೆಯನ್ನು ಒಂದು ನಿಮಿಷ ನೋಡಿ. ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟವಾದ ಗಳಿಗೆ ಇದು. ಕುಂಡದ ಆಕಾರವೇ ಬೇರಿನಲ್ಲಿ ಅಚ್ಚೊತ್ತಿದಂತೆ ಇರುತ್ತದೆ. ತಳದಲ್ಲಿ ಬೇರುಗಳು ಶಾವಿಗೆ ಒತ್ತಿದ ಹಾಗೆ ಸುತ್ತು ಸುತ್ತಾಗಿ ಕೂತಿರುತ್ತವೆ. ಬಿಳಿ, ತಿಳಿಕಂದು ಬಣ್ಣದ, ಗಟ್ಟಿ ಬೇರು ಆರೋಗ್ಯದ್ದು. ಕಪ್ಪಾಗಿ, ಹಿಸುಕಿದರೆ ಸಿಪ್ಪೆ ಬಿಡುವ ಬೇರು ಕೊಳೆತದ್ದು, ಅದನ್ನು ಕತ್ತರಿಸಿ ತೆಗೆಯಿರಿ. ಸುತ್ತಿಕೊಂಡ ಬೇರನ್ನು ಬೆರಳಿನಿಂದ ಬಿಡಿಸಿ. ಬಿಡಿಸಲು ಬಾರದಿದ್ದರೆ ಚಾಕುವಿನಿಂದ ಹೆಂಟೆಯ ನಾಲ್ಕು ಕಡೆ, ಮೇಲಿನಿಂದ ಕೆಳಕ್ಕೆ, ಅರ್ಧ ಇಂಚು ಆಳಕ್ಕೆ ಗೀರಿ. ಹಾಗೇ ಬಿಟ್ಟರೆ ಹೊಸ ಕುಂಡದಲ್ಲೂ ಬೇರು ಅದೇ ಸುತ್ತಿನಲ್ಲಿ ತಿರುಗುತ್ತಿರುತ್ತದೆ.

ಒಂದು ಗಿಡ ಎರಡು ವರ್ಷ ಬೆಳೆಯದೆ ನಿಂತಿತ್ತು. ಕೊನೆಗೆ ತೆಗೆದು ನೋಡಿದರೆ, ಮಾರಿದವರ ಕಪ್ಪು ಪ್ಲಾಸ್ಟಿಕ್ ಕವರ್ ಬೇರಿನ ಸುತ್ತ ಹಾಗೇ ಇದೆ! ಕವರ್ ಸಮೇತ ಕುಂಡಕ್ಕೆ ಇಳಿಸಿ, ಮೇಲೆ ಮಣ್ಣು ಮುಚ್ಚಿ ಕೊಟ್ಟಿದ್ದರು. ಆ ಗಿಡ ಬಿಗಿದ ಚೀಲದೊಳಗೆ ಎರಡು ಬೇಸಿಗೆ ಕಳೆದಿತ್ತು ಅಂತ ನೆನೆದರೆ ಈಗಲೂ ಸಂಕಟವಾಗುತ್ತದೆ. ನರ್ಸರಿಯಿಂದ ಕುಂಡ ಸಮೇತ ತಂದ ಗಿಡವನ್ನೂ ಮೊದಲ ವರ್ಷವೇ ತೆಗೆದು ನೋಡಿ.

ಹೊಸ ಕುಂಡದ ತೂತಿನ ಮೇಲೆ ಚೂರು ಇಟ್ಟು, ಮಣ್ಣು ಹಾಕಿ, ಗಿಡ ನಿಲ್ಲಿಸಿ. ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಇರಲಿ, ಕಾಂಡ ಹೂಳಬೇಡಿ. ಸುತ್ತ ಮಣ್ಣು ತುಂಬಿ, ಕೋಲಿನಿಂದ ಮೆಲ್ಲಗೆ ಚುಚ್ಚಿ ಟೊಳ್ಳು ಮುಚ್ಚಿ. ಮೇಲೆ ಒಂದೂವರೆ ಇಂಚು ಜಾಗ ಬಿಡಿ, ನೀರು ನಿಂತು ಇಳಿಯಲಿ. ತಳದಿಂದ ನೀರು ಬರುವವರೆಗೆ ಹಾಕಿ. ಒಂದು ವಾರ ಹತ್ತು ದಿನ ಮಧ್ಯಾಹ್ನದ ಬಿಸಿಲು ತಾಗದ ಕಡೆ ಇಟ್ಟು, ಆಮೇಲೆ ಬಿಸಿಲಿಗೆ ತನ್ನಿ. ಒಂದು ತಿಂಗಳು ಬೇರೆ ಗೊಬ್ಬರ ಬೇಡ.

ಇನ್ನೂ ದೊಡ್ಡ ಪಾಟಿಗೆ ಜಾಗ ಇಲ್ಲ. ಅದೇ ಪಾಟಿನಲ್ಲಿ ಇಡಬಹುದಾ?

ಇಡಬಹುದು. ನನ್ನ ದೊಡ್ಡ ಗಿಡ 16 ಇಂಚಿನ ಕುಂಡದಲ್ಲೇ ವರ್ಷಾನುಗಟ್ಟಲೆಯಿಂದ ಇದೆ. ಮೂರು ವರ್ಷಕ್ಕೊಮ್ಮೆ ಹೊರತೆಗೆದು, ಬೇರಿನ ಹೆಂಟೆಯ ಸುತ್ತ ಒಂದು ಇಂಚು, ತಳದಿಂದ ಎರಡು ಇಂಚು, ಹಳೆ ಗರಗಸದಿಂದ ಕೊಯ್ದು ತೆಗೆಯುತ್ತೇನೆ. ಅದೇ ಕುಂಡಕ್ಕೆ ಹೊಸ ಮಣ್ಣು ತುಂಬಿ ಮತ್ತೆ ಕೂರಿಸುತ್ತೇನೆ. ಮೊದಲ ಸಲ ಕೈ ನಡುಗಿತ್ತು. ಆದರೆ ಕಣಗಿಲೆ ಇದನ್ನು ತಾಳಿಕೊಳ್ಳುತ್ತದೆ.

ಒಂದೇ ಷರತ್ತು: ಕೆಳಗೆ ಎಷ್ಟು ಕತ್ತರಿಸಿದಿರೋ ಮೇಲೂ ಅಷ್ಟು ಕತ್ತರಿಸಬೇಕು. ಬೇರು ಕಾಲು ಭಾಗ ಹೋದರೆ ಕೊಂಬೆಯೂ ಕಾಲು ಭಾಗ ಹೋಗಲಿ. ಬೇರು ಕಡಿಮೆಯಾಗಿ ಎಲೆ ಅಷ್ಟೇ ಉಳಿದರೆ, ಎಲೆಗೆ ಬೇಕಾದ ನೀರನ್ನು ಬೇರು ಎತ್ತಲಾರದು.

ಬದಲಿಸಿದ ಮೇಲೆ ಎಲೆ ಹಳದಿಯಾಗಿ ಉದುರುತ್ತಿದೆ. ಸತ್ತುಹೋಗುತ್ತಾ?

ಕೆಳಗಿನ ಎಲೆ ಒಂದಷ್ಟು ಉದುರುವುದು ಸಹಜ. ತುದಿಯ ಕುಡಿ ಹಸಿರಾಗಿದ್ದರೆ ಹೆದರಬೇಡಿ. ಈ ಹೊತ್ತಿನಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ, ಬಾಡಿದೆ ಅಂತ ದಿನಕ್ಕೆರಡು ಸಲ ನೀರು ಹುಯ್ಯುವುದು. ಬೆರಳನ್ನು ಮಣ್ಣಿಗೆ ಎರಡು ಇಂಚು ಇಳಿಸಿ ನೋಡಿ. ತಂಪಿದ್ದರೆ ನೀರು ಬೇಡ.

ಸವರಿದರೆ ಹೂ ಕಡಿಮೆಯಾಗುವುದಿಲ್ಲವಾ?

ಜಾಸ್ತಿಯಾಗುತ್ತದೆ. ಕಣಗಿಲೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಒಂದು ಕೊಂಬೆ ಕತ್ತರಿಸಿದರೆ ಅಲ್ಲಿಂದ ಎರಡು ಮೂರು ಚಿಗುರು ಒಡೆಯುತ್ತವೆ, ಪ್ರತಿ ತುದಿಗೂ ಒಂದು ಗೊಂಚಲು. ಶಿವರಾತ್ರಿಯ ನಂತರ ಸವರಿದ ಗಿಡ ಎರಡು ತಿಂಗಳು ಬರೀ ಹಸಿರಾಗಿರುತ್ತದೆ. ಆ ಎರಡು ತಿಂಗಳು ತಾಳ್ಮೆ ಬೇಕು. ಆಮೇಲೆ ಮಳೆಗಾಲದುದ್ದಕ್ಕೂ ಹೂ.

ಹೂ ಉದುರಿದ ಕೂಡಲೇ ಗೊಂಚಲಿನ ಕಡ್ಡಿಯನ್ನು ಪೂರ್ತಿ ಕತ್ತರಿಸಬೇಡಿ. ಅದರಲ್ಲೇ ಇನ್ನೊಂದು ಸುತ್ತು ಮೊಗ್ಗು ಬರುವುದುಂಟು. ಒಣಗಿದ ಹೂ ಮಾತ್ರ ಕಿತ್ತು ಹಾಕಿ. ಕಡ್ಡಿಯ ಹಾಗೆ ಉದ್ದ ಕಾಯಿ ಕಟ್ಟಿದ್ದರೆ ಹಸಿರಿರುವಾಗಲೇ ತೆಗೆಯಿರಿ. ಗಿಡದ ಶಕ್ತಿ ಅದಕ್ಕೇ ಹೋಗುತ್ತದೆ, ಅದೂ ಅಲ್ಲದೆ ಕಾಯಿ ಬಿರಿದರೆ ಬೀಜ ಹತ್ತಿಯ ಹಾಗೆ ಪಕ್ಕದ ಮನೆಗೂ ಹಾರುತ್ತದೆ.

ಎಲ್ಲಿ ಕತ್ತರಿಸಬೇಕು?

ಕೊಂಬೆಯನ್ನು ಹತ್ತಿರದಿಂದ ನೋಡಿ. ಎಲೆಗಳು ಮೂರು ಮೂರಾಗಿ ಒಂದೇ ಗೆಣ್ಣಿನಿಂದ ಹೊರಟಿರುತ್ತವೆ. ಆ ಗೆಣ್ಣಿನ ಕಾಲು ಇಂಚು ಮೇಲೆ, ಸ್ವಲ್ಪ ಓರೆಯಾಗಿ ಕತ್ತರಿಸಿ. ಮೂರು ಎಲೆಯ ಕಂಕುಳಲ್ಲೂ ಚಿಗುರು ಮಲಗಿರುತ್ತದೆ. ಮೊದಲು ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ಒಳಮುಖವಾಗಿ ಬೆಳೆದದ್ದು ತೆಗೆಯಿರಿ. ಆಮೇಲೆ ಉಳಿದ ಕೊಂಬೆಗಳನ್ನು ಮೂರನೇ ಒಂದು ಭಾಗ ಗಿಡ್ಡ ಮಾಡಿ. ಹೊಸ ಚಿಗುರು ಒಂದಡಿ ಬಂದಾಗ ಕುಡಿ ಚಿವುಟಿದರೆ ಗಿಡ ಇನ್ನೂ ಪೊದೆಯಾಗುತ್ತದೆ. ಆದರೆ ಏಪ್ರಿಲ್ ನಂತರ ಚಿವುಟಬೇಡಿ, ಮೊಗ್ಗೇ ಹೋಗುತ್ತದೆ.

ಹರಿತ ಕತ್ತರಿ ಇರಲಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಸ್ಪಿರಿಟ್ಟಿನಿಂದ ಒರೆಸಿ. ಕೊಂಬೆಯಲ್ಲಿ ಗಂಟು ಗಂಟಾಗಿ ಉಬ್ಬಿದ ರೋಗವಿದ್ದರೆ ಕತ್ತರಿಯೇ ಅದನ್ನು ಹೊತ್ತು ತರುತ್ತದೆ. ರಸ ಚರ್ಮಕ್ಕೆ ತಾಗಿದರೆ ಕೆಲವರಿಗೆ ತುರಿಕೆ, ಗುಳ್ಳೆ ಬರುತ್ತದೆ. ಕೆಲಸ ಮುಗಿಯುವವರೆಗೆ ಕಣ್ಣು ಉಜ್ಜಬೇಡಿ, ಏನೂ ತಿನ್ನಬೇಡಿ. ಕತ್ತರಿಯನ್ನೂ ಕೈಯನ್ನೂ ಸೋಪು ಹಾಕಿ ತೊಳೆಯಿರಿ.

ಹಳೆ ಗಿಡ. ಬುಡ ಬೋಳು, ಮೇಲೆ ಮಾತ್ರ ನಾಲ್ಕು ಎಲೆ. ಏನು ಮಾಡಲಿ?

ಒಂದೇ ಸಲ ಎಲ್ಲವನ್ನೂ ಮೊಟಕು ಮಾಡಬೇಡಿ. ಈ ವರ್ಷ ತುಂಬಾ ಹಳೆಯ, ದಪ್ಪ ಕೊಂಬೆಗಳಲ್ಲಿ ಮೂರನೇ ಒಂದು ಭಾಗವನ್ನು ಬುಡದ ಹತ್ತಿರ ಕೊಯ್ಯಿರಿ. ಬೆಳಕು ಬುಡಕ್ಕೆ ಬಿದ್ದರೆ ಅಲ್ಲಿಂದ ಹೊಸ ಕೊಂಬೆ ಏಳುತ್ತದೆ. ಮುಂದಿನ ವರ್ಷ ಇನ್ನೊಂದು ಭಾಗ. ಮೂರು ವರ್ಷಕ್ಕೆ ಗಿಡವೇ ಹೊಸದು. ನೆರಳಿನಲ್ಲಿದ್ದರೆ ಮಾತ್ರ ಎಷ್ಟು ಸವರಿದರೂ ಮತ್ತೆ ಉದ್ದುದ್ದವಾಗುತ್ತದೆ. ದಿನಕ್ಕೆ ಆರು ಗಂಟೆ ಬಿಸಿಲು ಬೇಕೇ ಬೇಕು.

ಕತ್ತರಿಸಿದ ಕೊಂಬೆ, ಎಲೆ ಎಲ್ಲಿ ಹಾಕಲಿ?

ಈ ಪ್ರಶ್ನೆ ಕೇಳುವವರು ಕಡಿಮೆ. ಎಲ್ಲರೂ ಕೇಳಲಿ ಅಂತ ನನ್ನ ಆಸೆ.

ಬೀದಿ ಬದಿಗೆ ಎಸೆಯಬೇಡಿ. ಹಸಿ ಕಣಗಿಲೆಯನ್ನು ದನ ಸಾಮಾನ್ಯವಾಗಿ ಮುಟ್ಟುವುದಿಲ್ಲ, ಆದರೆ ಬಾಡಿದ ಸೊಪ್ಪು ಬೇರೆ ಹುಲ್ಲು, ತರಕಾರಿ ಸಿಪ್ಪೆಯ ಜೊತೆ ಸೇರಿದರೆ ತಿಂದುಬಿಡುತ್ತದೆ. ನಮ್ಮ ಬಡಾವಣೆಗಳಲ್ಲಿ ಬೆಳಿಗ್ಗೆ ಹಾಲು ಕರೆದು ಹಸುವನ್ನು ಬೀದಿಗೆ ಬಿಡುತ್ತಾರೆ. ಕಸದ ಮೂಲೆಯಲ್ಲಿ ಅದು ಮೂತಿ ಹಾಕುವ ಜಾಗದಲ್ಲೇ ನೀವು ಎಸೆದ ಸೊಪ್ಪು ಇರುತ್ತದೆ. ಸ್ವಲ್ಪವೇ ತಿಂದರೂ ಹಸು ಉಳಿಯುವುದು ಕಷ್ಟ.

ಸುಡಲೂ ಬೇಡಿ. ಹೊಗೆಯೂ ವಿಷ. ಒಣಗಿದ ಕಡ್ಡಿಯನ್ನು ನೀರೊಲೆಗೆ ಹಾಕುವುದು, ಜೋಳ ಸುಡಲು ಚುಚ್ಚುವುದು, ಮಕ್ಕಳಿಗೆ ಆಡಲು ಕೊಡುವುದು, ಯಾವುದೂ ಬೇಡ. ತುಂಡು ಮಾಡಿ, ಚೀಲದಲ್ಲಿ ಕಟ್ಟಿ, ‘ಕಣಗಿಲೆ, ದನಕ್ಕೆ ಹಾಕಬೇಡಿ’ ಅಂತ ಚೀಟಿ ಅಂಟಿಸಿ, ಕಸದ ಗಾಡಿಯವರ ಕೈಗೇ ಕೊಟ್ಟು ಬಾಯಲ್ಲೂ ಹೇಳಿ. ಸೊಪ್ಪು ತರಕಾರಿಗೆ ಹಾಕುವ ಮನೆ ಗೊಬ್ಬರದ ಡಬ್ಬಕ್ಕೆ ನಾನು ಇದನ್ನು ಸೇರಿಸುವುದಿಲ್ಲ.

ಆ ಕೊಂಬೆಯಿಂದ ಹೊಸ ಗಿಡ ಮಾಡಬಹುದಾ?

ಸುಲಭವಾಗಿ. ಪೆನ್ಸಿಲ್ ದಪ್ಪದ, ಆರು ಇಂಚು ಉದ್ದದ ತುಂಡು, ಮೇಲೆ ನಾಲ್ಕೈದು ಎಲೆ ಬಿಟ್ಟು ಉಳಿದದ್ದು ತೆಗೆಯಿರಿ. ಮರಳು, ಮಣ್ಣಿನ ಮಿಶ್ರಣದಲ್ಲಿ ನೆಟ್ಟು ನೆರಳಿನಲ್ಲಿಡಿ. ನೀರಿನ ಬಾಟಲಿಯಲ್ಲೂ ಕೆಲವೇ ವಾರಕ್ಕೆ ಬೇರು ಬರುತ್ತದೆ, ನೀರನ್ನು ಮೂರು ದಿನಕ್ಕೊಮ್ಮೆ ಬದಲಿಸಿ. ಆದರೆ ಆ ಬಾಟಲಿ ಅಡುಗೆಮನೆಯ ಕಿಟಕಿಯಲ್ಲಿ ಬೇಡ. ಯಾರೋ ಕುಡಿಯುವ ನೀರು ಅಂದುಕೊಳ್ಳಬಹುದು. ಯಾರಿಗಾದರೂ ಗಿಡ ಕೊಡುವಾಗ ವಿಷದ ಮಾತನ್ನೂ ಜೊತೆಗೇ ಹೇಳಿ ಕೊಡಿ.

ನೀರು, ಗೊಬ್ಬರ ಎಷ್ಟು?

ಬರ ತಾಳುವ ಗಿಡ ಅನ್ನುವುದು ನೆಲದ ಗಿಡಕ್ಕೆ. ಕುಂಡದ್ದಕ್ಕೆ ಏಪ್ರಿಲಿನಲ್ಲಿ ದಿನಾ ನೀರು ಬೇಕು, ಇಲ್ಲದಿದ್ದರೆ ಮೊಗ್ಗು ಉದುರುತ್ತದೆ. ಮಳೆಗಾಲದಲ್ಲಿ ಕುಂಡದ ಕೆಳಗಿನ ತಟ್ಟೆ ತೆಗೆದುಬಿಡಿ. ಚಿಗುರುವ ಕಾಲದಲ್ಲಿ ತಿಂಗಳಿಗೆ ಎರಡು ಹಿಡಿ ಎರೆಗೊಬ್ಬರ ಸಾಕು. ಯೂರಿಯಾ ಹಾಕಿದರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ಬೋರ್‌ವೆಲ್ ನೀರಿನಿಂದ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದ್ದರೆ ಮೇಲಿನ ಒಂದು ಇಂಚು ಕೆರೆದು ಹೊಸ ಮಣ್ಣು ಹಾಕಿ.

ಚಿಗುರಿನ ತುಂಬಾ ಹಳದಿ ಹೇನು. ಎಲೆ ತಿನ್ನುವ ಹುಳವೂ ಇದೆ. ಔಷಧಿ ಹೊಡೆಯಲಾ?

ಸವರಿದ ಮೇಲೆ ಬರುವ ಎಳೆ ಚಿಗುರಿಗೆ ಕಪ್ಪು ಕಾಲಿನ ಹಳದಿ ಹೇನು ಬಂದೇ ಬರುತ್ತದೆ. ಪೈಪಿನಿಂದ ಜೋರಾಗಿ ನೀರು ಹೊಡೆದರೆ ಅರ್ಧ ಹೋಗುತ್ತದೆ. ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಸಂಜೆ ಸಿಂಪಡಿಸಿ.

ಹುಳವನ್ನು ಮಾತ್ರ ಮೊದಲು ನೋಡಿ, ಆಮೇಲೆ ತೀರ್ಮಾನಿಸಿ. ದಪ್ಪ ಹಸಿರು ಮೈ, ತಲೆಯ ಹತ್ತಿರ ನೀಲಿ ಕಣ್ಣಿನಂಥ ಎರಡು ಚುಕ್ಕೆ ಇದ್ದರೆ ಅದು ಹಾಕ್ ಮಾತ್ ಪತಂಗದ ಮರಿ. ಎರಡು ದಿನಕ್ಕೆ ಒಂದು ಕೊಂಬೆ ಬೋಳು ಮಾಡುತ್ತದೆ. ಗ್ಲೌಸ್ ಹಾಕಿದ ಕೈಯಿಂದ ಎತ್ತಿ ಹೊರಗಿನ ನಂದಿಬಟ್ಟಲು ಗಿಡಕ್ಕೆ ಬಿಡಿ, ಅದನ್ನೂ ತಿನ್ನುತ್ತದೆ. ಮೈಮೇಲೆ ಪಟ್ಟೆ, ನಾಲ್ಕು ಜೊತೆ ಕಪ್ಪು ಎಳೆ ಇದ್ದರೆ ಅದು ಕಾಮನ್ ಕ್ರೋ ಎಂಬ ಕಂದು ಚಿಟ್ಟೆಯ ಮರಿ. ಕಣಗಿಲೆಯ ವಿಷ ಅದಕ್ಕೆ ತಾಗುವುದಿಲ್ಲ.

ಒಂದು ಜುಲೈನಲ್ಲಿ ನಮ್ಮ ಬಿಳಿ ಕಣಗಿಲೆಯ ಎಲೆಯ ಅಡಿಯಲ್ಲಿ ಅದು ಕೋಶ ಕಟ್ಟಿತ್ತು. ಬೆರಳ ತುದಿಯಷ್ಟು ದೊಡ್ಡದು, ತಿಕ್ಕಿ ತೊಳೆದ ಬೆಳ್ಳಿ ಕುಂಕುಮದ ಬಟ್ಟಲಿನ ಹಾಗೆ ಹೊಳೆಯುತ್ತಿತ್ತು. ಹತ್ತಿರ ಬಾಗಿದರೆ ಅದರಲ್ಲಿ ನನ್ನ ಮುಖ, ಹಿಂದಿನ ನೀರಿನ ಟ್ಯಾಂಕು ಎರಡೂ ಕಾಣುತ್ತಿದ್ದವು. ಆ ವಾರ ಆ ಗಿಡಕ್ಕೆ ಬೇವಿನ ಎಣ್ಣೆ ಹೊಡೆಯಲಿಲ್ಲ. ಒಂದು ಬೆಳಿಗ್ಗೆ ಹೋಗಿ ನೋಡಿದಾಗ ಸಿಪ್ಪೆ ಮಾತ್ರ ತೂಗುತ್ತಿತ್ತು, ಪಕ್ಕದ ಗೊಂಚಲಿನ ಮೇಲೆ ಚಿಟ್ಟೆ ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು.